ಹತ್ತು ವರ್ಷ ಕೈಯಲ್ಲಿ: ಎರಡೂವರೆ ಲಕ್ಷದ ಸ್ವಿಸ್ ವಾಚು

ಟೈಮ್ ನೋಡುವುದಕ್ಕೆ ಅಂತ ಯಾರಾದರೂ ಎರಡೂವರೆ ಲಕ್ಷ ಕೊಟ್ಟು ಮೆಕ್ಯಾನಿಕಲ್ ವಾಚು (ಸೆಲ್ ಇಲ್ಲದೆ ಸ್ಪ್ರಿಂಗ್‌ನಿಂದ ಓಡುವುದು) ತಗೊಳ್ಳಲು ಹೊರಟಿದ್ದರೆ, ಬೇಡ. ಆ ಕೆಲಸವನ್ನು ಸಾವಿರ ರೂಪಾಯಿಯ ಸೆಲ್ ವಾಚು ಇನ್ನೂ ಚೆನ್ನಾಗಿ ಮಾಡುತ್ತದೆ. ನನ್ನದು ಸ್ವಿಸ್ ಆಟೋಮ್ಯಾಟಿಕ್ (ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವುದು), ಸ್ಟೀಲ್ ಬಾಡಿ, 100 ಮೀಟರ್ ವಾಟರ್ ರೆಸಿಸ್ಟೆನ್ಸ್. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ಬರೆದರೆ ಮಾತೆಲ್ಲ ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಹತ್ತಿರ ಹತ್ತಿರ ಹತ್ತು ವರ್ಷದಿಂದ ಇದನ್ನು ಕಟ್ಟಿಕೊಂಡೇ ಮುಂಬೈಯ ಮಾಟುಂಗಾದಿಂದ ಫೋರ್ಟ್‌ಗೆ ಲೋಕಲ್ ಟ್ರೈನಿನಲ್ಲಿ ಓಡಾಡುತ್ತಿದ್ದೇನೆ.

ಕ್ರೊನೊಮೀಟರ್ ಸರ್ಟಿಫಿಕೇಟ್ ಅಂತ ಸ್ವಿಸ್ ವಾಚುಗಳಿಗೆ ಒಂದು ಪರೀಕ್ಷೆ ಇದೆ. ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ, ಇಷ್ಟರೊಳಗೆ ನಡೆದರೆ ಪಾಸು. ಅಂದರೆ ಪಾಸಾದ ವಾಚೂ ತಿಂಗಳಿಗೆ ಮೂರು ನಿಮಿಷ ಮುಂದೆ ಓಡಬಹುದು! ಸಾಧಾರಣ ಕ್ವಾರ್ಟ್ಜ್ ವಾಚು, ಅಂದರೆ ಸೆಲ್ ವಾಚು, ತಿಂಗಳಿಗೆ 15 ಸೆಕೆಂಡ್ ಆಚೀಚೆ ಆದರೆ ಹೆಚ್ಚು. ಅದರೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ನನ್ನ ವಾಚಿನೊಳಗೆ ಆಚೀಚೆ ತೂಗುವ ಚಕ್ರ ಸೆಕೆಂಡಿಗೆ 8 ಸಲ ಬಡಿಯುತ್ತದೆ. 1969ರ ಡಿಸೆಂಬರ್‌ನಲ್ಲಿ ಜಪಾನಿನ ಸೈಕೋ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಾಗಲೇ ಈ ಪಂದ್ಯ ಮುಗಿದುಹೋಗಿದೆ.

ಹಾಗಾದರೆ ದುಡ್ಡು ಹೋಗಿದ್ದು ಎಲ್ಲಿಗೆ? ಸ್ವಲ್ಪ ಹೆಸರಿಗೆ, ಸ್ವಲ್ಪ ಜಾಹೀರಾತಿಗೆ, ಉಳಿದಿದ್ದು ಕೆಲಸಗಾರಿಕೆಗೆ. ಗಂಟೆಯ ಗುರುತುಗಳ ಅಂಚನ್ನು ಎಷ್ಟು ಚೂಪಾಗಿ ಕತ್ತರಿಸಿದ್ದಾರೆಂದರೆ, ಕೈ ಸ್ವಲ್ಪ ತಿರುಗಿಸಿದರೂ ಒಂದೊಂದೇ ಗೆರೆ ಹೊಳೆದು ಆರುತ್ತದೆ. ಸೆಕೆಂಡ್ ಮುಳ್ಳು ಕುಪ್ಪಳಿಸುವುದಿಲ್ಲ, ಜಾರುತ್ತಾ ಹೋಗುತ್ತದೆ. ಹಿಂದಿನ ಗಾಜಿನಲ್ಲಿ ಚಕ್ರ ಉಸಿರಾಡುವುದು ಕಾಣುತ್ತದೆ. ಇವತ್ತಿಗೂ ಮೀಟಿಂಗಿನಲ್ಲಿ ಸುಮ್ನೆ ಅದನ್ನೇ ನೋಡುತ್ತಾ ಕೂತಿರುತ್ತೇನೆ. ಇದರಲ್ಲಿ ನಿಮಗೆ ರುಚಿ ಇಲ್ಲದಿದ್ದರೆ ಮುಂದೆ ಓದಬೇಕಾಗಿಲ್ಲ.

ಮುಂಬೈ ಹವೆಗೆ ಲೆದರ್ ಸ್ಟ್ರ್ಯಾಪ್ ಆಗಿಬರುವುದಿಲ್ಲ. ಬೆವರು, ಮಳೆ ಎರಡೂ ಸೇರಿ ಮೊದಲ ಮಳೆಗಾಲದಲ್ಲೇ ವಾಸನೆ ಹಿಡಿಯಿತು. ಸ್ಟೀಲ್ ಚೈನಿಗೆ ಬದಲಾಯಿಸಿದೆ. ದಾದರ್ ಗರ್ದಿಯಲ್ಲಿ ಕಂಬಕ್ಕೆ, ಬಾಗಿಲಿಗೆ ತಾಗಿ ಆ ಚೈನಿನ ತುಂಬಾ ಗೀರು. ಸಫೈರ್ ಗಾಜಿನ ಮೇಲೆ ಮಾತ್ರ ಒಂದೂ ಇಲ್ಲ. ನೀರು ತಡೆಯುವುದು ಒಳಗಿನ ರಬ್ಬರ್ ರಿಂಗು. ಅದು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಒಮ್ಮೆ ಪ್ರೆಶರ್ ಟೆಸ್ಟ್ ಮಾಡಿಸಿಬಿಡುತ್ತೇನೆ. 100 ಮೀಟರ್ ಅಂತ ಬರೆದದ್ದು ಹೊಸ ವಾಚಿನ ಲೆಕ್ಕ.

ನಿಜವಾದ ಖರ್ಚು ಇರುವುದು ಸರ್ವಿಸ್‌ನಲ್ಲಿ. ಕೆಲವು ವರ್ಷದ ಹಿಂದೆ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿತು. ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಬಿಳಿ ಗ್ಲೌಸ್ ಹಾಕಿಕೊಂಡು ನೋಡಿ, ಫುಲ್ ಸರ್ವಿಸ್ ಆಗಬೇಕು, ನಲವತ್ತು ಸಾವಿರದ ಹತ್ತಿರ, ಎರಡು ತಿಂಗಳು ಬೇಕು ಅಂದರು. ವಾಪಸ್ ತಗೊಂಡು ಫೋರ್ಟ್‌ನ ಒಂದು ಗಲ್ಲಿಯಲ್ಲಿ ಕೂರುವ ಹಳೆಯ ರಿಪೇರಿ ಚಾಚಾ ಹತ್ತಿರ ಹೋದೆ. ಅವರು ಮುಚ್ಚಳವನ್ನೂ ತೆಗೆಯಲಿಲ್ಲ. ಡ್ರಾಯರಿನಿಂದ ಒಂದು ಪುಟ್ಟ ದಿಕ್ಸೂಚಿ ತೆಗೆದು ವಾಚಿನ ಹತ್ತಿರ ಹಿಡಿದರು. ಮುಳ್ಳು ತಡಬಡಿಸಿತು. ಒಳಗಿನ ಹೇರ್‌ಸ್ಪ್ರಿಂಗ್‌ಗೆ, ಅಂದರೆ ಚಕ್ರವನ್ನು ಆಚೀಚೆ ಆಡಿಸುವ ಕೂದಲೆಳೆಯಂಥ ಸುರುಳಿಗೆ, ಅಯಸ್ಕಾಂತ ಹಿಡಿದಿತ್ತು. ಸುರುಳಿಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗ್ ಗಿಡ್ಡವಾದ ಹಾಗೆ, ಚಕ್ರ ಬೇಗ ಬೇಗ ಬಡಿಯುತ್ತದೆ. ಅಯಸ್ಕಾಂತ ಬಿಡಿಸುವ ಒಂದು ನೀಲಿ ಡಬ್ಬಿಯ ಮೇಲಿಟ್ಟು, ಗುಂಡಿ ಒತ್ತಿ ಹಿಡಿದು, ವಾಚನ್ನು ನಿಧಾನಕ್ಕೆ ಮೇಲೆತ್ತಿದರು. ಅಷ್ಟೇ. ಇನ್ನೂರು ರೂಪಾಯಿ. ರಾತ್ರಿ ಎಲ್ಲಿ ಇಡುತ್ತೀರಿ ಅಂತ ಕೇಳಿದರು. ಟ್ಯಾಬ್ಲೆಟ್ ಮೇಲೆ ಅಂದೆ. ಅದರ ಕವರಿನಲ್ಲಿರುವ ಮ್ಯಾಗ್ನೆಟ್ಟೇ ಕಳ್ಳ.

ಹಾಗಂತ ಫುಲ್ ಸರ್ವಿಸ್ ತಪ್ಪಲಿಲ್ಲ. ಒಳಗಿನ ಎಣ್ಣೆ ಒಣಗುತ್ತದೆ, ಒಣಗಿದ ಮೇಲೂ ಓಡಿಸಿದರೆ ಒಳಗಿನ ಭಾಗಗಳು ಸವೆಯುತ್ತವೆ. ಏಳನೇ ವರ್ಷ ಆ ನಲವತ್ತು ಸಾವಿರ ಕೊಟ್ಟೇ ಮಾಡಿಸಿದೆ. ಆಗಾಗ ಬರುವ ಈ ಖರ್ಚನ್ನು ನಗುತ್ತಾ ಕೊಡುವ ಹಾಗಿದ್ದರೆ ಮಾತ್ರ ಈ ವಾಚು. ಇಎಂಐ ಹಾಕಿ ತಗೊಳ್ಳುವವರಿಗೆ ನನ್ನ ಉತ್ತರ ಬೇಡ ಅಂತಲೇ.

ಮಾಟುಂಗಾದಲ್ಲಿ ನಾನು ಕಾಫಿ ಕುಡಿಯುವ ಹೋಟೆಲಿನ ಶೆಟ್ಟರು ಕೇಳಿದ್ದರು, "ಎಂತ ಮಾರಾಯ್ರೆ, ಇದನ್ನು ಮಾರಿದರೆ ಲಾಭ ಉಂಟಾ?" ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ವಿಚಾರಿಸಿ ನೋಡಿದ್ದೆ, ಕೊಟ್ಟ ಬೆಲೆಯ ಅರ್ಧವೂ ಹೇಳಲಿಲ್ಲ. ರೋಲೆಕ್ಸ್, ಪಾಟೆಕ್ ಫಿಲಿಪ್‌ನ ಕೆಲವು ಮಾಡೆಲ್‌ಗಳ ಕಥೆ ಬೇರೆ. ಅದನ್ನು ತೋರಿಸಿ ಎಲ್ಲ ವಾಚನ್ನೂ ಇನ್ವೆಸ್ಟ್‌ಮೆಂಟ್ ಅಂತ ಮಾರುತ್ತಾರೆ ಅಲ್ವಾ, ಅದು ಶುದ್ಧ ಸುಳ್ಳು. ಲೆಕ್ಕಪತ್ರ ನೋಡುವವನಾಗಿ ಇನ್ನೊಂದು ಮಾತು: ವಾಚಿಗೆ 18% ಜಿಎಸ್‌ಟಿ ಇದ್ದೇ ಇದೆ, ಆದರೆ ಸ್ವಿಟ್ಜರ್‌ಲ್ಯಾಂಡ್ ಇರುವ ಇಎಫ್‌ಟಿಎ ಎಂಬ ಯುರೋಪಿನ ವ್ಯಾಪಾರ ಗುಂಪಿನ ಜೊತೆಗಿನ ಭಾರತದ ಒಪ್ಪಂದ 2025ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿದೆ. ಅದರಂತೆ ಸ್ವಿಸ್ ವಾಚಿನ ಆಮದು ಸುಂಕ ವರ್ಷ ವರ್ಷ ಇಳಿಯಬೇಕು. ಈಗಲೇ ಓಡಿಹೋಗಿ ತಗೊಳ್ಳುವ ಅವಸರ ಏನಿಲ್ಲ.

ಟಿಕ್ ಟಿಕ್ ಸದ್ದು ಬೇಕು, ದಿನಾ ಕೀ ಕೊಡುವ ಖುಷಿ ಬೇಕು, ಇಷ್ಟೇ ಆಸೆಯಾದರೆ ಹಳೆಯ ಎಚ್‌ಎಂಟಿ ಜನತಾ ಸಾಕು. ಕೆಟ್ಟರೆ ಚಾಚಾನಂಥವರು ಕೂತ ಜಾಗದಲ್ಲೇ ಸರಿಮಾಡುತ್ತಾರೆ. ಆದರೆ ಹುಷಾರು. ಆನ್‌ಲೈನ್‌ನಲ್ಲಿ ಥಳಥಳ ಹೊಳೆಯುವ, ಕಡುನೀಲಿ, ಕಿತ್ತಳೆ ಡಯಲಿನ ಹಳೆಯ ವಾಚುಗಳು ಸಿಗುತ್ತವೆ. ಡಯಲಿಗೆ ಹೊಸ ಬಣ್ಣ ಬಳಿದು, ನಾಲ್ಕು ವಾಚಿನ ಬಿಡಿಭಾಗ ಸೇರಿಸಿ ಮಾಡಿದ ಇವಕ್ಕೆ ಸಂಗ್ರಹ ಮಾಡುವವರು ಇಟ್ಟ ಹೆಸರೇ ಮುಂಬೈ ಸ್ಪೆಷಲ್. ನಮ್ಮ ಊರಿನ ಕೀರ್ತಿ! ಡಯಲಿನ ಅಕ್ಷರಗಳ ಹತ್ತಿರದ ಫೋಟೋ ಕೇಳಿ. ಅಂಚು ಒಡೆದಿದ್ದರೆ, ಮುಳ್ಳುಗಳ ಅಳತೆ ಹೊಂದದಿದ್ದರೆ, ಅಥವಾ ಮಾರುವವನು ಮಾತು ತೇಲಿಸಿದರೆ, ಬಿಟ್ಟುಬಿಡಿ.