ಅವ್ವನ ಹೊದಿಕೆ ಎತ್ತಿ ನೋಡಿರಲಿಲ್ಲ: ಕೊಡಗಿನಲ್ಲಿ ಕೇರ್ ಹೋಮ್ ಹುಡುಕುತ್ತಿರುವವರಿಗೆ

ಕೊಡಗಿನಲ್ಲಿ ವಯಸ್ಸಾದ ಅಪ್ಪನಿಗೋ ಅವ್ವನಿಗೋ ನೋಡಿಕೊಳ್ಳುವ ಜಾಗ ಹುಡುಕುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ. ಆ ಜಾಗದ ಹೆಸರು ಇಲ್ಲಿ ಹಾಕುತ್ತಿಲ್ಲ. ದೂರು ಕೊಟ್ಟಿದ್ದೇವೆ, ವಿಚಾರಣೆ ಇನ್ನೂ ಮುಗಿದಿಲ್ಲ. ನಾವು ಏನೇನು ನೋಡದೆ ಬಿಟ್ಟೆವು ಅನ್ನೋದನ್ನು ಮಾತ್ರ ಬರೆಯುತ್ತೇನೆ, ನಿಮಗೆ ಉಪಯೋಗಕ್ಕೆ ಬರೋದು ಅದೇ.

ಅವ್ವನಿಗೆ 78 ವರ್ಷ. ಜೂನ್ ಮೊದಲ ವಾರ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಳೆ ಹಿಡಿದ ಮೇಲೆ ನಮ್ಮ ಕಡೆ ಅಂಗಳ ಹೇಗೆ ಪಾಚಿ ಕಟ್ಟುತ್ತದೆ ಅಂತ ಗೊತ್ತಲ್ವಾ. ಮೈಸೂರಿನಲ್ಲಿ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಡಾಕ್ಟರ್ ಒತ್ತಿ ಹೇಳಿದ್ದು ಒಂದೇ ಮಾತು, ದಿನಾ ಎಬ್ಬಿಸಿ ನಡೆಸಿ, ಮಲಗಿಸಿ ಬಿಡಬೇಡಿ.

ನಾನು, ನನ್ನ ಗಂಡ ಇಬ್ಬರೂ ಮೈಸೂರಿನಲ್ಲಿ ಕೆಲಸ ಮಾಡುವವರು. ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ತಮ್ಮ ದುಬೈಯಲ್ಲಿ. ಊರಲ್ಲಿ ಹಗಲು ರಾತ್ರಿ ನೋಡಿಕೊಳ್ಳುವ ಹೆಂಗಸು ಸಿಗಲಿಲ್ಲ. ತೋಟದ ಕೆಲಸಕ್ಕೇ ಜನ ಇಲ್ಲ, ಇನ್ನು ಇದಕ್ಕೆ ಎಲ್ಲಿಂದ ತರೋದು. ಅವ್ವನೂ ಕೊಡಗು ಬಿಟ್ಟು ಬರಲ್ಲ ಅಂತ ಹಟ ಹಿಡಿದಳು. ಹಾಗಾಗಿ ಯಾರೋ ಹೇಳಿದ ಒಂದು ಜಾಗಕ್ಕೆ ಹೋದೆವು. ಬೋರ್ಡಿನಲ್ಲಿ "ಹಿರಿಯರ ಮನೆ ಮತ್ತು ನರ್ಸಿಂಗ್ ಕೇರ್" ಅಂತ ಇತ್ತು.

ಬೆಳಿಗ್ಗೆ 11 ಗಂಟೆಗೆ ಬನ್ನಿ ಅಂದಿದ್ದರು, ಅದೇ ಹೊತ್ತಿಗೆ ಹೋದೆವು. ವರಾಂಡದಲ್ಲಿ ತಲೆ ಬಾಚಿ ಹೂ ಮುಡಿಸಿದ ಐದಾರು ಅಜ್ಜಿಯರು ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ಬೆಟ್ಟ, ಸಿಲ್ವರ್ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ನೆಲ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು, ಆಗ ಅದು ಒಳ್ಳೆಯ ಲಕ್ಷಣ ಅನಿಸಿತು. ಊಟ ಏನು ಕೊಡುತ್ತೀರಿ, ಟಿವಿ ಇದೆಯಾ, ದೇವರ ಕೋಣೆ ಇದೆಯಾ, ಇಷ್ಟೇ ನಾವು ಕೇಳಿದ್ದು. ತಿಂಗಳಿಗೆ 28 ಸಾವಿರ, ಮುಂಗಡ 1 ಲಕ್ಷ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ ಅಂದರು. ರಾತ್ರಿ ಎಷ್ಟು ಜನ ಇರುತ್ತಾರೆ ಅಂತ ನಾವ್ಯಾರೂ ಕೇಳಲಿಲ್ಲ. ಮಲಗಿಯೇ ಇರುವ ರೋಗಿಗಳ ಕೋಣೆ ತೋರಿಸಿ ಅಂತಲೂ ಕೇಳಲಿಲ್ಲ. ಅದು ಹಿಂಭಾಗದಲ್ಲಿತ್ತು.

ಆಮೇಲೆ ಭಾನುವಾರ ಭಾನುವಾರ ಹೋಗುತ್ತಿದ್ದೆವು. ಪ್ರತಿ ಸಲವೂ ಕುಶಾಲನಗರ ತಲುಪಿದ ಕೂಡಲೇ ಫೋನ್ ಮಾಡಿ ಬರುತ್ತಿದ್ದೇವೆ ಅಂತ ಹೇಳುತ್ತಿದ್ದೆ. ಅದು ಮರ್ಯಾದೆ ಅಂದುಕೊಂಡಿದ್ದೆ. ನಾವು ಹೋಗುವಷ್ಟರಲ್ಲಿ ಅವ್ವನಿಗೆ ಮುಖ ತೊಳೆಸಿ, ಪೌಡರ್ ಹಾಕಿ, ಕತ್ತಿನವರೆಗೆ ಕಂಬಳಿ ಹೊದಿಸಿ, ದಿಂಬಿಗೆ ಒರಗಿಸಿ ಕೂರಿಸಿರುತ್ತಿದ್ದರು. ಮಾತು ಕಡಿಮೆ ಆಗಿತ್ತು. ತುಟಿ ಒಣಗಿರುತ್ತಿತ್ತು. ಕೇಳಿದರೆ, ವಯಸ್ಸಾಯ್ತಲ್ಲ ಮೇಡಂ, ಆಪರೇಷನ್ ಆದಮೇಲೆ ಹೀಗೇ ಅನ್ನುತ್ತಿದ್ದರು. ನಂಬಿದೆ.

ಜುಲೈ ಬಿಲ್ಲಿನಲ್ಲಿ ಗಾಜ್, ಹತ್ತಿ, ಆಯಿಂಟ್‌ಮೆಂಟ್ ಅಂತ 1,400 ರೂಪಾಯಿ ಇತ್ತು. ಆಪರೇಷನ್ ಗಾಯ ಅಷ್ಟು ಹೊತ್ತಿಗೆ ವಾಸಿಯಾಗಿತ್ತು, ಹೊಲಿಗೆ ಬಿಚ್ಚಿ ಎಷ್ಟೋ ದಿನ ಆಗಿತ್ತು. ಹಾಗಾದರೆ ಡ್ರೆಸ್ಸಿಂಗ್ ಯಾವ ಗಾಯಕ್ಕೆ? ನಾನು ಮೊತ್ತ ನೋಡಿ ದುಡ್ಡು ಕಳಿಸಿದೆ, ಸಾಲು ಸಾಲಾಗಿ ಓದಲಿಲ್ಲ. ಈಗಲೂ ಆ ಬಿಲ್ ಕೈಗೆ ಸಿಕ್ಕಿದರೆ ಹೊಟ್ಟೆ ಕಿವುಚುತ್ತದೆ.

ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪಿನ ಪಾಯಸ ಮಾಡಿ ತಿನ್ನುವ ದಿನ. ಹಿಂದಿನ ದಿನವೇ ನಾಪೋಕ್ಲು ಹತ್ತಿರ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಆ ಪಾಯಸ ಅಂದ್ರೆ ಅವ್ವನಿಗೆ ಪ್ರಾಣ, ಒಂದು ವರ್ಷವೂ ತಪ್ಪಿಸಿದವಳಲ್ಲ. ಚಿಕ್ಕಮ್ಮ ಮಾಡಿಕೊಟ್ಟರು, ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಹೊರಟೆವು. ಗಾಳಿ ಮಳೆಗೆ ಮೂರು ದಿನದಿಂದ ಕರೆಂಟ್ ಇರಲಿಲ್ಲ, ಟವರ್ ಕೂಡ ಸತ್ತಿತ್ತು. ಫೋನ್ ಮಾಡೋಕೆ ಆಗಲಿಲ್ಲ. ಫೋನ್ ಮಾಡದೆ ನಾವು ಅಲ್ಲಿಗೆ ಹೋಗಿದ್ದು ಅದೇ ಮೊದಲು.

ಮಧ್ಯಾಹ್ನ ಮೂರೂ ಕಾಲು. ವರಾಂಡದಲ್ಲಿ ಯಾರೂ ಇರಲಿಲ್ಲ. ನೇರ ಹಿಂದಿನ ಕೋಣೆಗೆ ಹೋದೆ. ಬಾಗಿಲಲ್ಲೇ ವಾಸನೆ ಬಂತು, ಮೂತ್ರದ್ದು, ಒಣಗದ ಬಟ್ಟೆಯದ್ದು, ಅದರ ಕೆಳಗೆ ಇನ್ನೊಂದು ಕೊಳೆತ ವಾಸನೆ. ಅವ್ವ ಅಂಗಾತ ಮಲಗಿದ್ದಳು. ಬೆಡ್‌ಶೀಟ್ ಮುಟ್ಟಿದರೆ ತಣ್ಣಗೆ ಒದ್ದೆ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಬಟ್ಟೆಯನ್ನು ಒಲೆ ಮೇಲೆ ಕಟ್ಟಿ ಒಣಗಿಸುತ್ತೇವೆ. ಇಪ್ಪತ್ತಾರು ಜನರ ಬಟ್ಟೆಯನ್ನು ಅವರು ಎಲ್ಲಿ ಒಣಗಿಸುತ್ತಾರೆ? ಒಣಗಿಸುತ್ತಿರಲಿಲ್ಲ, ಅರ್ಧ ಹಸಿಯಾಗಿಯೇ ಹಾಸುತ್ತಿದ್ದರು.

ಎಬ್ಬಿಸಿ ಕೂರಿಸೋಣ ಅಂತ ಬೆನ್ನ ಕೆಳಗೆ ಕೈ ಹಾಕಿದೆ. ಅವ್ವ ಕಿರುಚಿದಳು. ಕಂಬಳಿ ಎತ್ತಿ, ಪಕ್ಕಕ್ಕೆ ಹೊರಳಿಸಿ ನೋಡಿದೆ. ಬಾಲದ ಮೂಳೆಯ ಮೇಲೆ ನನ್ನ ಅಂಗೈ ಅಗಲದ ಗುಂಡಿ. ಅಂಚು ಕಪ್ಪು, ಒಳಗೆ ಹಳದಿ. ಎಡ ಹಿಮ್ಮಡಿಯಲ್ಲಿ ದೊಡ್ಡ ನೇರಳೆ ಬೊಕ್ಕೆ. ನಾವು ಪ್ರತಿ ಭಾನುವಾರ ಆ ಕಂಬಳಿಯ ಪಕ್ಕದಲ್ಲೇ ಒಂದೊಂದು ಗಂಟೆ ಕೂತು ಬಂದಿದ್ದೆವು.

ಮಂಚಕ್ಕೆ ಏರ್ ಬೆಡ್ ಹಾಕಿದ್ದರು, ಅದಕ್ಕೆ ಬೇರೆ ದುಡ್ಡು. ಆದರೆ ಅದರ ಪಂಪ್ ಕರೆಂಟಲ್ಲಿ ಓಡೋದು. ಜನರೇಟರ್ ಲೈನ್ ಆಫೀಸಿಗೆ ಮತ್ತು ಅಡುಗೆಮನೆಗೆ ಮಾತ್ರ ಇತ್ತಂತೆ. ಗಾಳಿ ಹೋದ ಏರ್ ಬೆಡ್ ಅಂದರೆ ಬರೀ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಮನುಷ್ಯ. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಸುರಿಯುವ ಜಿಲ್ಲೆಯಲ್ಲಿ ಇದನ್ನು ಯೋಚನೆ ಮಾಡಿರಲಿಲ್ಲ ಅಂದರೆ ನಾನು ಒಪ್ಪಲ್ಲ.

ಮಂಚದ ತುದಿಯಲ್ಲಿ ಒಂದು ಫೈಲ್ ನೇತಾಡುತ್ತಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಲೆಕ್ಕ. ಎಡ, ಬಲ, ಅಂಗಾತ, ಪ್ರತಿ ಸಾಲಿಗೂ ಸಹಿ. ಒಂದೇ ಪೆನ್ನು, ಒಂದೇ ಕೈಬರಹ. ಆಗಿನ್ನೂ ಮೂರೂವರೆ ಗಂಟೆ. ಸಂಜೆ 4, 6, ರಾತ್ರಿ 8ರ ಸಾಲುಗಳು ಆಗಲೇ ತುಂಬಿದ್ದವು. ಮೊದಲು ಅದರ ಫೋಟೋ ತೆಗೆದೆ, ಆಮೇಲೆ ಜನರನ್ನು ಕರೆದೆ. ನಿಮಗೆ ಇಂಥದ್ದು ಕಂಡರೆ ನೀವೂ ಹಾಗೇ ಮಾಡಿ, ಆಮೇಲೆ ಫೈಲ್ ಕಾಣಿಸಲ್ಲ.

ನೀರಿನ ಜಗ್ ಕಿಟಕಿ ಹತ್ತಿರ ಇತ್ತು, ಅವ್ವನ ಕೈಗೆ ಸಿಗುವಂತಿರಲಿಲ್ಲ. ಯಾಕೆ ಕೇಳಿ ಕುಡಿಯಲ್ಲ ಅಂದೆ. "ಕುಡಿದ್ರೆ ಆ ಹುಡುಗಿಗೆ ಕೆಲಸ ಆಗ್ತದೆ ಮಗಾ" ಅಂದಳು. ದಿನಕ್ಕೆ ಎರಡೇ ಡೈಪರ್ ಅಂತ ಲೆಕ್ಕ ಇತ್ತು. ಅದು ತುಂಬಿದರೆ ಬೈಗುಳ. ಅದಕ್ಕೆ ಅವ್ವ ತಾನಾಗಿಯೇ ನೀರು ಬಿಟ್ಟಿದ್ದಳು. ತಂದಿದ್ದ ಪಾಯಸವನ್ನು ಅಲ್ಲೇ ಚಮಚದಲ್ಲಿ ತಿನ್ನಿಸಿದೆ. ನಡುನಡುವೆ ನೀರು ನೀರು ಅಂದಳು.

ಅವ್ವನನ್ನು ನೋಡಿಕೊಳ್ಳುತ್ತಿದ್ದ ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತು ವರ್ಷ ಇರಬಹುದು, ದೂರದ ಊರಿನವಳು. ಗೇಟಿನ ಹತ್ತಿರ ಬಂದು ಅಳುತ್ತಾ ಹೇಳಿದಳು, ಅಕ್ಕಾ, ರಾತ್ರಿ ನಾನೊಬ್ಬಳೇ ಇರೋದು. ಇಪ್ಪತ್ತಾರು ಜನ, ಅದರಲ್ಲಿ ಒಂಬತ್ತು ಜನ ಎದ್ದೇಳದವರು, ಒಬ್ಬಳೇ ಹುಡುಗಿ. ಒಬ್ಬರನ್ನು ಸರಿಯಾಗಿ ಹೊರಳಿಸೋಕೇ ಇಬ್ಬರು ಬೇಕು. ನರ್ಸಿಂಗ್ ಓದಿದವರು ವಾರಕ್ಕೆ ಎರಡು ದಿನ ಬಂದು ಹೋಗುತ್ತಿದ್ದರಂತೆ. ಫಿಸಿಯೋಥೆರಪಿ ಎರಡೇ ಸಲ ಆಗಿದ್ದು.

ಅವತ್ತೇ ಅವ್ವನನ್ನು ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಾಸಿಗೆ ಹುಣ್ಣು, ಮೂರನೇ ಹಂತ ಅಂದರು. ನಾಲ್ಕನೆಯದಾದರೆ ಮೂಳೆಯವರೆಗೂ ಹೋಗಬಹುದು. ಜೊತೆಗೆ ಮೂತ್ರದ ಸೋಂಕು. ಅವ್ವ ಮಂಕಾಗಿದ್ದಕ್ಕೆ ನೀರು ಕಡಿಮೆಯಾದದ್ದು, ಆ ಸೋಂಕು, ಎರಡೂ ಕಾರಣ ಅಂತ ಡಾಕ್ಟರ್ ಹೇಳಿದರು. ಅದನ್ನೇ ನಮಗೆ ವಯಸ್ಸು ಅಂದಿದ್ದರು.

ಅಲ್ಲಿನ ನರ್ಸ್ ಒಬ್ಬರು ತಾಳ್ಮೆಯಿಂದ ಹೇಳಿಕೊಟ್ಟಿದ್ದನ್ನು ನಿಮಗೂ ಹೇಳುತ್ತೇನೆ. ಒಂದೇ ಮಗ್ಗುಲಲ್ಲಿ ಮಲಗಿದರೆ ಮೂಳೆ ಮತ್ತು ಹಾಸಿಗೆ ನಡುವೆ ಚರ್ಮ ಒತ್ತಿ ರಕ್ತ ಓಡೋದು ನಿಲ್ಲುತ್ತದೆ. ಬಾಲದ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ಇವನ್ನು ಪ್ರತಿ ಸಲ ನೋಡಬೇಕು. ಮೊದಲು ಕೆಂಪಾಗುತ್ತದೆ. ಬೆರಳಲ್ಲಿ ಒತ್ತಿ ಬಿಟ್ಟರೂ ಆ ಕೆಂಪು ಹೋಗದಿದ್ದರೆ ಅದೇ ಶುರು. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಗೊತ್ತಾಗದೆ ಹೋಗಬಹುದು, ಅಂಥವರಿಗೆ ಮುಟ್ಟಿ ನೋಡಬೇಕು, ಆ ಜಾಗ ಬಿಸಿಯಾಗಿಯೋ ಗಟ್ಟಿಯಾಗಿಯೋ ಇರುತ್ತದೆ. ಆ ಹಂತದಲ್ಲಿ ಒತ್ತಡ ತಪ್ಪಿಸಿದರೆ ವಾಸಿಯಾಗುತ್ತದೆ. ಬಿಟ್ಟರೆ ತಿಂಗಳುಗಟ್ಟಲೆ.

ಹಾಗಾಗಿ ನೀವು ಯಾವುದೇ ಜಾಗಕ್ಕೆ ಹೋದರೂ ಅವರು ಹೇಳಿದ ಹೊತ್ತಿಗೆ ಒಂದು ಸಲ ಹೋಗಿ, ಹೇಳದೆ ಇನ್ನೊಂದು ಸಲ ಹೋಗಿ, ಸಂಜೆ ಏಳಕ್ಕೆ, ಊಟ ಕೊಡುವ ಹೊತ್ತಿಗೆ. ಮಲಗಿರುವವರಿಗೆ ಯಾರು ತಿನ್ನಿಸುತ್ತಾರೆ, ಎತ್ತಿ ಕೂರಿಸಿ ತಿನ್ನಿಸುತ್ತಾರಾ ಅಥವಾ ಮಲಗಿಸಿಯೇ ಬಾಯಿಗೆ ಸುರಿಯುತ್ತಾರಾ ನೋಡಿ. ಲೋಟ ಕೈಗೆ ಸಿಗುತ್ತದಾ ನೋಡಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಅದರಲ್ಲಿ ಓದಿದ ನರ್ಸ್ ಎಷ್ಟು ಅಂತ ಮಾಲೀಕರನ್ನು ಕೇಳಿ, ಆಮೇಲೆ ಅದನ್ನೇ ಕೆಲಸದ ಹುಡುಗಿಯರನ್ನೂ ಕೇಳಿ. ಕರೆಂಟ್ ಹೋದರೆ ರೋಗಿಗಳ ಕೋಣೆಗೆ ಜನರೇಟರ್ ಬರುತ್ತದಾ ಅಂತ ಕೇಳೋದು ಕೊಡಗಿನಲ್ಲಿ ಮರೆಯಲೇಬೇಡಿ. ಸೇರಿಸಿದ ಮೇಲೆ ನಾಚಿಕೆ ಪಡದೆ ಹೊದಿಕೆ ಎತ್ತಿ ಮೈ ನೋಡಿ. ಮಗ ಆಗಿದ್ದರೆ ಹೆಂಗಸರನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡಿಸಿ. ತಿಂಗಳಿಗೊಮ್ಮೆ ತೂಕ ಬರೆದಿಡಿ ಅನ್ನಿ. ಅವ್ವ ಆರು ವಾರದಲ್ಲಿ ಏಳು ಕಿಲೋ ಇಳಿದಿದ್ದಳು.

ಕಾಗದ ಪತ್ರದ ವಿಷಯ. ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆ ಕರ್ನಾಟಕದಲ್ಲಿ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಲ್ಲಿ ನೋಂದಣಿ ಆಗಿರಬೇಕು, ಆ ಪತ್ರ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ನಾವು ಆಮೇಲೆ ಕೇಳಿದಾಗ ಅವರು ತೋರಿಸಿದ್ದು ಟ್ರಸ್ಟ್ ಪತ್ರ. ಅಂದರೆ ಕಾಗದದಲ್ಲಿ ಅದು ಬರೀ ವೃದ್ಧಾಶ್ರಮ, ಬೋರ್ಡಿನಲ್ಲಿ ಮಾತ್ರ ನರ್ಸಿಂಗ್. ನಾವು ಮಡಿಕೇರಿಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೂ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೂ ಫೋಟೋ ಸಮೇತ ಬರೆದುಕೊಟ್ಟಿದ್ದೇವೆ. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ನಮ್ಮ ಮುಂಗಡ ಹಣ ಇನ್ನೂ ವಾಪಸ್ ಬಂದಿಲ್ಲ.

ಅವ್ವ ಈಗ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ನಾನು ಸಂಬಳ ಇಲ್ಲದ ರಜೆ ಹಾಕಿ ಜೊತೆಗಿದ್ದೇನೆ. ದಿನಕ್ಕೆ ಎರಡು ಮೊಟ್ಟೆ, ಬೇಳೆ ಕಟ್ಟು, ಎಷ್ಟು ಬೇಕೋ ಅಷ್ಟು ನೀರು. ಅಂಗೈಯಷ್ಟಿದ್ದ ಗಾಯ ಈಗ ಐದು ರೂಪಾಯಿ ನಾಣ್ಯದಷ್ಟಾಗಿದೆ. ಮೊನ್ನೆ ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ಮಳೆ ನಿಂತಿದೆಯಾ ನೋಡಿದಳು. ಜಾಗ ಹುಡುಕುತ್ತಿರುವವರು ಏನಾದರೂ ಕೇಳೋದಿದ್ದರೆ ಕೇಳಿ. ರಾತ್ರಿ ಒಂಬತ್ತರ ಮೇಲೆ ಉತ್ತರ ಬರೆಯುತ್ತೇನೆ, ಅದಕ್ಕೆ ಮೊದಲು ಡ್ರೆಸ್ಸಿಂಗ್ ಇರುತ್ತದೆ.