ಶಾರ್ಕ್, ತೊರಕೆಗಳಿಗೆ 69 ಕಿಲೋಹರ್ಟ್ಸ್ ಟ್ಯಾಗ್: ಬಾಳಿಕೆ ಗಟ್ಟಿ, ರಿಸೀವರ್‌ನ ಕಿವಿ ಮಂದ

16 ಮಿಲಿಮೀಟರ್ ದಪ್ಪದ ಈ ಅಕೌಸ್ಟಿಕ್ ಟ್ಯಾಗ್ (ತನ್ನ ಗುರುತಿನ ಸಂಖ್ಯೆಯನ್ನು ಸದ್ದಿನ ಸಂಕೇತವಾಗಿ ಕಳಿಸುವ ಸಾಧನ) ಮೀನಿನ ಹೊಟ್ಟೆಯೊಳಗಿಟ್ಟು ಹೊಲಿದರೇ ಚೆನ್ನ. ಹೊರಗೆ ಡಾರ್ಟಿನಿಂದ ಚುಚ್ಚುವುದು ಕ್ಷಣದ ಕೆಲಸ, ಆದರೆ ತಿಂಗಳುಗಳಲ್ಲೇ ಕಳಚಿಬೀಳಬಹುದು. ಶಾರ್ಕನ್ನು ಅಂಗಾತ ಮಲಗಿಸಿದರೆ ಬಹುತೇಕ ತಾನೇ ಸ್ತಬ್ಧವಾಗುತ್ತದೆ. ಕಿವಿರಿಗೆ ನೀರು ಹರಿಯುತ್ತಿರಲಿ. ಸಂಕೇತಗಳ ನಡುವೆ ಬಿಡುವು ಹೆಚ್ಚಿಸಿದರೆ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ.

ತಕರಾರೆಲ್ಲ ಆ ಸದ್ದನ್ನು ನೀರಡಿಯಲ್ಲಿ ಕೇಳಿ ದಾಖಲಿಸುವ ರಿಸೀವರ್‌ನದ್ದು. ಕೇಳುವುದು ಸಾಮಾನ್ಯವಾಗಿ ಕೆಲವು ನೂರು ಮೀಟರ್ ಮಾತ್ರ. ಹವಳದ ದಿಬ್ಬದಲ್ಲಿ ಸಿಗಡಿಗಳ ಚಟಪಟ ಜೋರಾದರೆ ಅದೂ ಇಲ್ಲ. ‘ರಾತ್ರಿ ಮೀನು ಬರಲಿಲ್ಲ’ ಎಂದು ಬರೆಯುವ ಮುನ್ನ, ಗೊತ್ತಿರುವ ದೂರದಲ್ಲಿ ಒಂದು ಟ್ಯಾಗ್ ಕಟ್ಟಿ ಪರೀಕ್ಷಿಸಿ. ರಿಸೀವರ್‌ನ ಮೈಗೆ ಕಚ್ಚಿದ ಬಾರ್ನಕಲ್ ಎಂಬ ಚಿಪ್ಪುಜೀವಿಗಳನ್ನು ಕೆರೆಯಿರಿ. ಒಂದೇ ಸಲ ದಾಖಲಾದ ಸಂಖ್ಯೆಯನ್ನಂತೂ ನಂಬಬೇಡಿ: ಎರಡು ಟ್ಯಾಗ್‌ಗಳ ಸದ್ದು ಬೆರೆತರೆ, ಕಡಲಲ್ಲೇ ಇಲ್ಲದ ಮೀನೊಂದು ಪಟ್ಟಿಯಲ್ಲಿ ಹುಟ್ಟಿಕೊಳ್ಳುತ್ತದೆ!