ಟೆಕ್ಸಸ್‌ನಲ್ಲಿ ಫುಲ್ ಸೈಜ್ ಪಿಕಪ್: ನಾಲ್ಕು ವರ್ಷ ಓಡಿಸಿದವನ ಅಭಿಪ್ರಾಯ

ಡಲ್ಲಾಸ್ ಹತ್ತಿರ ಇದ್ದೇನೆ. ಫುಲ್ ಸೈಜ್ ಪಿಕಪ್ ಕೊಂಡು ನಾಲ್ಕು ವರ್ಷವಾಯಿತು. ನಾಲ್ಕು ಬಾಗಿಲು, ಐದೂವರೆ ಅಡಿ ಬೆಡ್ (ಹಿಂದೆ ಸಾಮಾನು ಹಾಕುವ ತೊಟ್ಟಿ), ಫೋರ್ ವೀಲ್ ಡ್ರೈವ್. ಯಾವ ಕಂಪನಿಯದು ಅಂತ ಬರೆಯುತ್ತಿಲ್ಲ. ಈ ಅಳತೆಯ ಟ್ರಕ್‌ಗಳೆಲ್ಲ ಹೆಚ್ಚುಕಮ್ಮಿ ಹೀಗೇ ಇವೆ.

ಎಂಜಿನ್ ಬಗ್ಗೆ ದೂರಿಲ್ಲ. ಕ್ಯಾಂಪರ್ (ಒಳಗೆ ಮಲಗಲು ಜಾಗ ಇರುವ ಟ್ರೇಲರ್) ಕಟ್ಟಿಕೊಂಡು ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್ ಕಡೆ ಹೋದಾಗ ಫೋರ್ಟ್ ಡೇವಿಸ್‌ನ ಏರುಗಳಲ್ಲೂ ತಿಣುಕಲಿಲ್ಲ. ಹಿಂದಿನ ಸೀಟಲ್ಲಿ ಆರಡಿ ಆಳು ಕಾಲು ಚಾಚಿ ನಿದ್ದೆ ಹೊಡೆಯಬಹುದು. ಮೈಲೇಜ್ ಊರೊಳಗೆ ಲೀಟರಿಗೆ 7 ಕಿ.ಮೀ., ಹೈವೇಯಲ್ಲಿ 9ರ ಆಸುಪಾಸು. ಕ್ಯಾಂಪರ್ ಕಟ್ಟಿದರೆ ಅದರಲ್ಲಿ ಅರ್ಧ. ದೊಡ್ಡ ರಿಪೇರಿ ಬಂದಿಲ್ಲ. ಟೈರ್ ಮಾತ್ರ ಕೈ ಸುಡುತ್ತದೆ.

ನನ್ನ ತಕರಾರು ಗಾತ್ರದ್ದು. ಗಾಡಿ 19 ಅಡಿಗಿಂತ ಉದ್ದ. ಅಂಗಡಿಗಳ ಪಾರ್ಕಿಂಗ್ ಗೆರೆ ಸಾಮಾನ್ಯವಾಗಿ 18 ಅಡಿ. ಮೂತಿಯೋ ಹಿಂಭಾಗವೋ, ಒಂದು ಹೊರಗೆ ಇದ್ದೇ ಇರುತ್ತದೆ. ಮನೆಯ ಗ್ಯಾರೇಜ್‌ನಲ್ಲಿ ಚಾವಣಿಯಿಂದ ದಾರ ಕಟ್ಟಿ ಟೆನಿಸ್ ಚೆಂಡು ಇಳಿಬಿಟ್ಟಿದ್ದೇನೆ. ಚೆಂಡು ಗಾಜಿಗೆ ತಾಗಿದ ಕೂಡಲೇ ಬ್ರೇಕ್. ಒಂದು ಗೇಣು ಮುಂದೆ ಹೋದರೆ ವಾಷಿಂಗ್ ಮಷೀನ್, ಒಂದು ಗೇಣು ಹಿಂದೆ ಉಳಿದರೆ ಬಾಗಿಲು ಮುಚ್ಚುವುದಿಲ್ಲ.

ದಾವಣಗೆರೆಯಿಂದ ಅಮ್ಮ ಬಂದಿದ್ದರು. ಮೊದಲು ಬಾಗಿಲ ಪಕ್ಕದ ಹಿಡಿ, ಆಮೇಲೆ ಮೆಟ್ಟಿಲು, ಆಮೇಲೆ ಸೀರೆ ನೆರಿಗೆ ಎತ್ತಿಕೊಂಡು ಸೀಟು. ‘ಲಾರಿ ಹತ್ತಿದಂಗಾತು ನೋಡೋ’ ಅಂದರು. ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುವುದು ಬಾನೆಟ್ ಎತ್ತರ. ಚಿಕ್ಕ ಮಕ್ಕಳು ಮುಂದೆ ನಿಂತರೆ ಸೀಟಿನಿಂದ ಕಾಣುವುದೇ ಇಲ್ಲ. ಕ್ಯಾಮೆರಾ ನೋಡಬೇಕು. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಹೇಳಿದ್ದು ಇದನ್ನೇ: ತಗ್ಗಾದ, ಇಳಿಜಾರು ಮೂತಿಯ ಕಾರಿಗೆ ಹೋಲಿಸಿದರೆ, ಬಾನೆಟ್ 40 ಇಂಚಿಗಿಂತ ಎತ್ತರದ ಗಾಡಿ ಗುದ್ದಿದಾಗ ನಡೆದು ಹೋಗುವವರು ಸಾಯುವ ಸಾಧ್ಯತೆ ಸುಮಾರು ಶೇ. 45 ಜಾಸ್ತಿ. ಭಾರ ಎಳೆಯುವ ಎಂಜಿನ್‌ಗೆ ದೊಡ್ಡ ರೇಡಿಯೇಟರ್ ಬೇಕು, ಸರಿ. ಆದರೆ ಗೋಡೆ ಥರ ಚಪ್ಪಟೆ ಮೂತಿ ಬರೀ ಗತ್ತಿಗೆ ಅನ್ನುವುದು ನನ್ನ ಅನಿಸಿಕೆ.

ಇಷ್ಟೆಲ್ಲ ದೊಡ್ಡದಾಗಿ ಸಾಮಾನು ಹಿಡಿಯುತ್ತದಾ? ಎಂಟಡಿ ಪ್ಲೈವುಡ್ ಹಾಕಿದರೆ ಹಿಂದಿನ ಬಾಗಿಲು ಇಳಿಸಲೇಬೇಕು. ಆಮೇಲೂ ತುದಿಗೆ ಕೆಂಪು ಬಟ್ಟೆ ಕಟ್ಟಿ, ಪಟ್ಟಿ ಬಿಗಿದು ನಿಧಾನ ಬರಬೇಕು. ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಸ್ಟಿಕ್ಕರ್ ಓದಿ. ಜನ, ಸಾಮಾನು ಎಲ್ಲ ಸೇರಿ ನನ್ನದು ಹೊರಬಹುದಾದದ್ದು ಸುಮಾರು 1,500 ಪೌಂಡ್, ಅಂದರೆ 680 ಕೆ.ಜಿ. ನಮ್ಮೂರ ಮಂಡಿಯ ಮುಂದೆ ಸಾಲಾಗಿ ನಿಲ್ಲುವ ಟಾಟಾ ಏಸ್ ಒಟ್ಟು ಉದ್ದವೇ 3.8 ಮೀಟರ್, ಹನ್ನೆರಡೂವರೆ ಅಡಿ. ಅದರ ಬೆಡ್ ಏಳಡಿ ಮೇಲೆ, ಹೊರುವುದು ಮುಕ್ಕಾಲು ಟನ್. ಏಸ್ ತಗೊಂಡು ಇಲ್ಲಿನ ಫ್ರೀವೇಗೆ ಇಳಿಯಲು ಆಗುವುದಿಲ್ಲ, ಒಪ್ಪಿಕೊಳ್ಳೋಣ. ಆದರೂ ಹೊಟ್ಟೆ ಉರಿಯುತ್ತದೆ.

ಇಲ್ಲೂ ಹಿಂದೆ ಎರಡೇ ಬಾಗಿಲಿನ ಕ್ಯಾಬ್ (ಜನ ಕೂರುವ ಭಾಗ), ಎಂಟಡಿ ಬೆಡ್ ಇರುವ ಕೆಲಸದ ಗಾಡಿಗಳೇ ಜಾಸ್ತಿ ಇದ್ದವು. ಈಗ ಮಕ್ಕಳನ್ನು ಶಾಲೆಗೆ ಬಿಡುವುದೂ ಇದರಲ್ಲೇ. ಕ್ಯಾಬ್ ಬೆಳೆಯಿತು, ಬೆಡ್ ಕುಗ್ಗಿತು. ಜನ ಕೇಳಿದ್ದಕ್ಕೆ ಕಂಪನಿ ಮಾಡಿತು ಅನ್ನುತ್ತಾರೆ. ಸರಕಾರದ ಲೆಕ್ಕವೂ ಇದಕ್ಕೆ ಕಾರಣ ಅಲ್ವಾ? 1975ರ ಕಾನೂನಿನಿಂದ ಹುಟ್ಟಿದ ಮೈಲೇಜ್ ನಿಯಮ ಟ್ರಕ್‌ಗಳನ್ನು ಕಾರುಗಳಿಂದ ಬೇರೆ ಇಟ್ಟು ಸಡಿಲ ಗುರಿ ಕೊಟ್ಟಿತು. 2000ದ ದಶಕದ ಕೊನೆಗೆ ಗುರಿಯನ್ನು ಗಾಡಿಯ ಅಳತೆಗೇ ಕಟ್ಟಿದರು. ನಾಲ್ಕು ಚಕ್ರಗಳ ನಡುವಿನ ಜಾಗ ಹಿಗ್ಗಿದಷ್ಟೂ ಮುಟ್ಟಬೇಕಾದ ಮೈಲೇಜ್ ಕಮ್ಮಿ. ಸಣ್ಣ ಪಿಕಪ್ ಮಾಡುವವನಿಗೆ ಕಷ್ಟದ ಗುರಿ, ಲಾಭವೂ ಕಮ್ಮಿ. ಹಾಗಿದ್ದ ಮೇಲೆ ಯಾರು ಮಾಡುತ್ತಾರೆ? ಫೋರ್ಡ್ 2011ರಲ್ಲಿ ಇಲ್ಲಿ ಸಣ್ಣ ರೇಂಜರ್ ನಿಲ್ಲಿಸಿತು. 2019ರಲ್ಲಿ ಅದೇ ಹೆಸರು ವಾಪಸ್ ಬಂದಾಗ ಗಾಡಿ ಊದಿಕೊಂಡಿತ್ತು.

ಹೊರಗಿನಿಂದ ಸಣ್ಣ ಟ್ರಕ್ ತರಿಸೋಣ ಅಂದರೆ ಅದಕ್ಕೂ ಅಡ್ಡಗಾಲು. ಯುರೋಪಿನವರು ಅಮೆರಿಕದ ಕೋಳಿಗೆ ತೆರಿಗೆ ಏರಿಸಿದ್ದಕ್ಕೆ ಸೇಡಾಗಿ, ಅಧ್ಯಕ್ಷ ಜಾನ್ಸನ್ ಕಾಲದಲ್ಲಿ, 1964ರಿಂದ ಲಘು ಟ್ರಕ್‌ಗಳ ಆಮದಿಗೆ ಶೇ. 25 ಸುಂಕ ಬಿತ್ತು. ಕೋಳಿ ಜಗಳ ಯಾರಿಗೂ ನೆನಪಿಲ್ಲ, ಸುಂಕ ಮಾತ್ರ ಹಾಗೇ ಉಳಿಯಿತು.

ದೋಣಿಯೋ ಕ್ಯಾಂಪರೋ ಆಗಾಗ ಎಳೆಯುವವರು ಕಣ್ಣು ಮುಚ್ಚಿ ಕೊಳ್ಳಬಹುದು. ವರ್ಷಕ್ಕೆರಡು ಸಲ ಮಣ್ಣು, ಗಿಡ ತರುವವರಿಗೆ ಬಾಡಿಗೆ ಟ್ರೇಲರ್ ಸಾಕು. ಸುಮ್ನೆ ಸಂಸಾರ, ಸಾಮಾನು ಅಂದರೆ ಮಿನಿವ್ಯಾನ್ ವಾಸಿ. ಕೆಲವು ಮಿನಿವ್ಯಾನ್‌ಗಳಲ್ಲಿ ಹಿಂದಿನ ಸೀಟು ತೆಗೆದರೆ ಎಂಟಡಿ ಪ್ಲೈವುಡ್ ಬಾಗಿಲೊಳಗೇ ಮಲಗುತ್ತದೆ. ಬೆಡ್ ಬೇಕೇ ಬೇಕು ಅಂದರೆ ಫೋರ್ಡ್ ಮ್ಯಾವೆರಿಕ್ ಥರ ಸಣ್ಣದನ್ನು ಮೊದಲು ಓಡಿಸಿ ನೋಡಿ. ನಮ್ಮ ಕ್ಯಾಂಪರ್ ಇರುವವರೆಗೆ ನಾನು ಇದನ್ನು ಮಾರುವುದಿಲ್ಲ. ಐದಕ್ಕೆ ಮೂರೂವರೆ.